ಡಿಸ್ಕ್ ಒಂದೇ, ಪಿಯಾನೋ ಬೇರೆ: ನುಡಿಯದಿದ್ದರೆ ಏನು ನೋಡಬೇಕು

ಫ್ಲಾಪಿ ಡಿಸ್ಕಿನಲ್ಲಿ ಬರೆದ ಹಾಡನ್ನು ಓದಿ ತಾನೇ ಕೀ ಒತ್ತಿ ನುಡಿಯುವ ಪಿಯಾನೋಗಳ ಮಾತು ಇದು. ಪಾಲಿಬೆಟ್ಟದ ಒಂದು ತೋಟದ ಬಂಗಲೆಯ ಅಂಥ ಪಿಯಾನೋದಲ್ಲಿ ಚೆನ್ನಾಗಿ ನುಡಿಯುತ್ತಿದ್ದ ಫ್ಲಾಪಿಯನ್ನು ಮಡಿಕೇರಿಗೆ ತಂದು ಮಾವನ ಪಿಯಾನೋಗೆ ಹಾಕಿದೆ. ಬಲಗೈ ಭಾಗ ಮಾತ್ರ ಬಂತು, ಎಡಗಡೆ ಕೀಗಳು ಅಲುಗಲೇ ಇಲ್ಲ. ಮಾವ "ಕೆಟ್ಟೋಯ್ತು, ಮೈಸೂರಿನಿಂದ ಯಾರನ್ನಾದರೂ ಕರೆಸು" ಅಂದರು. ಪಿಯಾನೋ ಕೆಟ್ಟಿರಲಿಲ್ಲ. ಕಾರಣ ಆಮೇಲೆ ಹೇಳುತ್ತೇನೆ, ಯಾಕಂದ್ರೆ ಅದಕ್ಕೂ ಮೊದಲು ನೋಡಬೇಕಾದ್ದು ಬೇರೆ ಇದೆ.

ಮೊದಲು ಡಿಸ್ಕನ್ನೇ ನೋಡಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಲ್ಟು, ಚಪ್ಪಲಿಗೇ ಬೂಸ್ಟು ಹಿಡಿಯುತ್ತೆ, ಇನ್ನು ಫ್ಲಾಪಿ ಬಿಡುತ್ತಾ? ಲೋಹದ ಮುಚ್ಚಳ ಸರಿಸಿ, ಹಿಂಬದಿಯ ಚಕ್ರವನ್ನು ಬೆರಳಲ್ಲಿ ನಿಧಾನ ತಿರುಗಿಸಿ, ಕಿಟಕಿ ಬೆಳಕಿಗೆ ಹಿಡಿದು ನೋಡಿ. ಒಳಗಿನ ತೆಳು ಹಾಳೆ ಮೇಲೆ ಬಿಳಿ ಚುಕ್ಕೆ ಕಂಡರೆ ಅದನ್ನು ಯಾವ ಪಿಯಾನೋಗೂ ಹಾಕಬೇಡಿ. ಹಾಕಿದರೆ ಡ್ರೈವಿನಲ್ಲಿ ಡಿಸ್ಕ್ ಓದುವ ಹೆಡ್ ಕೊಳೆಯಾಗಿ ಮುಂದೆ ಹಾಕುವ ಒಳ್ಳೆ ಡಿಸ್ಕೂ ಗೀಚಿಹೋಗುತ್ತೆ. ಸರಿಯಿರುವ ಡಿಸ್ಕುಗಳನ್ನು ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಆಮೇಲೆ ಮೂಲೆಯ ತೂತು ಎಣಿಸಿ. ಒಂದೇ ತೂತಿದ್ದರೆ 720 ಕೆಬಿ ಡಿಸ್ಕ್, ಎದುರು ಮೂಲೆಯಲ್ಲಿ ಇನ್ನೊಂದಿದ್ದರೆ 1.44 ಎಂಬಿ. ಯಮಾಹಾ ಕಂಪನಿಯ ತಾನೇ ನುಡಿಯುವ ಪಿಯಾನೋ ಡಿಸ್ಕ್‌ಲೇವಿಯರ್‌ನ ಹಳೆಯ ಮಾಡೆಲ್‌ಗಳಿಗೆ 720 ಮಾತ್ರ ಗೊತ್ತು. ತೂತಿಗೆ ಟೇಪ್ ಅಂಟಿಸಿ ದೊಡ್ಡದನ್ನು ಚಿಕ್ಕದು ಅಂತ ನಂಬಿಸುವ ಉಪಾಯ ಎಲ್ಲರಿಗೂ ಗೊತ್ತು, ನಾನೂ ಮಾಡಿದ್ದೇನೆ, ಆದರೆ 1.44ರ ಲೇಪನಕ್ಕೆ ಜಾಸ್ತಿ ಬಲದ ಬರವಣಿಗೆ ಬೇಕು, ಹಾಗಾಗಿ ಬರೆದದ್ದು ಬಹಳ ದಿನ ನಿಲ್ಲುತ್ತೆ ಅನ್ನೋ ಭರವಸೆ ಇಲ್ಲ. ನಿಜವಾದ 720 ಡಿಸ್ಕನ್ನೇ ಹುಡುಕಿ, 80 ಟ್ರ್ಯಾಕ್ (ಡಿಸ್ಕಿನ ಮೇಲಿನ ಸುತ್ತು), ಟ್ರ್ಯಾಕಿಗೆ 9 ಸೆಕ್ಟರ್ (ಸುತ್ತಿನ ತುಂಡು) ಅಂತ ಕೊಟ್ಟು ಫಾರ್ಮ್ಯಾಟ್ ಮಾಡಿ. ಯುಎಸ್‌ಬಿ ಫ್ಲಾಪಿ ಡ್ರೈವ್ ಕೊಳ್ಳುವಾಗ 720 ಬರೆಯುತ್ತಾ ಅಂತ ಕೇಳಿಯೇ ಕೊಳ್ಳಿ, ಎಲ್ಲವೂ ಬರೆಯಲ್ಲ.

ಡಿಸ್ಕ್ ಓದುತ್ತೆ, ಆದರೆ ಹಾಡಿನ ಪಟ್ಟಿ ಖಾಲಿ ಅಂದರೆ ಫೈಲಿನ ಜಾತಿ ಬೇರೆ. ಹಳೆ ಡಿಸ್ಕ್‌ಲೇವಿಯರ್ ಕೇಳುವುದು ಇ-ಸೀಕ್ ಫೈಲು, ಅದು ಯಮಾಹಾದ್ದೇ ಸ್ವಂತ ಜಾತಿ, ಹೆಸರಿನ ಕೊನೆಗೆ ಎಫ್-ಐ-ಎಲ್ ಇರುತ್ತೆ. ಉಳಿದ ಪಿಯಾನೋಗಳು ಸಾಮಾನ್ಯವಾಗಿ ಕೇಳುವುದು ಮಿಡಿ ಫೈಲು. ಉಪ್ಪಿನಕಾಯಿ ಮಿಡಿಯಲ್ಲ, ಯಾವ ಕೀ, ಯಾವಾಗ, ಎಷ್ಟು ಜೋರು ಅಂತ ಬರೆದಿಟ್ಟ ಚೀಟಿ ಅಂದುಕೊಳ್ಳಿ. ಇ-ಸೀಕ್ ಡಿಸ್ಕಿನಲ್ಲಿ ಪಿಯಾನೋಡಿರ್ ಅನ್ನುವ ಫೈಲೊಂದಿರುತ್ತೆ, ಹಾಡುಗಳ ಪಟ್ಟಿ ಅದರಲ್ಲಿ. ಹೊಸ ಹಾಡು ಸುಮ್ನೆ ಕಾಪಿ ಮಾಡಿದರೆ ಸಾಲದು, ಆ ಪಟ್ಟಿಗೂ ಸೇರಬೇಕು. ಮಿಡಿಯಲ್ಲೂ ಸಾಮಾನ್ಯವಾಗಿ ಸಿಗುವುದು ಟೈಪ್ 0, ಟೈಪ್ 1 ಅಂತ ಎರಡು. ಟೈಪ್ 0ರಲ್ಲಿ ಎಲ್ಲ ಒಂದೇ ಟ್ರ್ಯಾಕಿನಲ್ಲಿ (ಡಿಸ್ಕಿನ ಸುತ್ತಲ್ಲ, ಸ್ವರಗಳ ಸಾಲು) ಇರುತ್ತೆ, ಹಳೆ ಯಂತ್ರಗಳಿಗೆ ಅದೇ ಕ್ಷೇಮ. ಫೈಲ್ ಹೆಸರು ಇಂಗ್ಲಿಷಿನ ಎಂಟಕ್ಷರ ದಾಟದಿರಲಿ.

ಈಗ ಮಾವನ ಪಿಯಾನೋ. ಮಿಡಿಯಲ್ಲಿ ಒಂದೊಂದು ವಾದ್ಯಕ್ಕೋ ಕೈಗೋ ಒಂದೊಂದು ನಂಬರಿನ ದಾರಿ ಕೊಡಬಹುದು, ಅದೇ ಚಾನಲ್. ಆ ಡಿಸ್ಕಿನಲ್ಲಿ ಬಲಗೈ ಚಾನಲ್ 1ರಲ್ಲಿ, ಎಡಗೈ 2ರಲ್ಲಿ ಇತ್ತು. ಬಂಗಲೆಯದು ಎರಡನ್ನೂ ನುಡಿಸುತ್ತಿತ್ತು, ಮಾವನದು 1 ಮಾತ್ರ. ಮೊದಲು ಮೆನುವಿನಲ್ಲಿ ಪಿಯಾನೋ ಚಾನಲ್ ಬದಲಾಯಿಸುವ ಅವಕಾಶ ಇದೆಯಾ ನೋಡಿ. ಇಲ್ಲದಿದ್ದರೆ ಮಿಡಿ ಎಡಿಟರ್‌ನಲ್ಲಿ ಫೈಲ್ ತೆರೆದು 2ನ್ನು 1ಕ್ಕೆ ಸೇರಿಸಿ, ಟೈಪ್ 0 ಆಗಿ ಉಳಿಸಿ. 2ರಲ್ಲಿರುವುದು ಎಡಗೈಯೇ ಹೌದಾ, ಪಿಟೀಲೋ ಬೇಸೋ ಅಲ್ಲವಲ್ಲ ಅಂತ ಕೇಳಿ ನೋಡಿಕೊಳ್ಳಿ. ಚಾನಲ್ 10 ಅಂತೂ ಮುಟ್ಟಬೇಡಿ, ಅದು ಸಾಮಾನ್ಯವಾಗಿ ಡ್ರಮ್ಮು, ಪಿಯಾನೋದಲ್ಲಿ ಬಂದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಿರುತ್ತೆ. ಎರಡೂ ಕೈ ಒಂದೇ ಕೀ ಒತ್ತುವ ಕಡೆ ಸ್ವರ ಅರ್ಧಕ್ಕೇ ನಿಲ್ಲಬಹುದು, ಅಲ್ಲಿ ಕೈಯಲ್ಲೇ ತಿದ್ದಬೇಕು.

ಮೆಲ್ಲಗಿನ ಸ್ವರಗಳು ಮಾಯವಾದರೆ ವೆಲಾಸಿಟಿ, ಅಂದ್ರೆ ಕೀ ಒತ್ತುವ ಜೋರು, ಒಂಚೂರು ಏರಿಸಿ. ಅರ್ಧ ಪೆಡಲ್ ಗೊತ್ತಿಲ್ಲದ ಯಂತ್ರ ಪೆಡಲನ್ನು ಪೂರ್ತಿ ಒತ್ತುತ್ತೆ ಇಲ್ಲಾ ಪೂರ್ತಿ ಬಿಡುತ್ತೆ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲ್ಲ.

ಡಿಸ್ಕ್ ಬರೆಯುವ ಕೆಲಸ ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರುವಾಗ ಮಾಡಿ. ನಮ್ಮೂರ ಕರೆಂಟು ನಿಮಗೆ ಗೊತ್ತೇ ಇದೆ, ಮಧ್ಯದಲ್ಲಿ ಹೋದರೆ ಆ ಡಿಸ್ಕನ್ನು ಮತ್ತೆ ಫಾರ್ಮ್ಯಾಟ್‌ನಿಂದಲೇ ಶುರು ಮಾಡಬೇಕಾಗುತ್ತೆ.