ನೊಟೇಶನ್ ನೋಡಿ ಹಾಡಿಸಲು ಪಾಠಹಾಳೆ: ನಾನು ತಯಾರಿಸುವ ಬಗೆ

ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಲಿಪಿ) ನೋಡಿ ಹಾಡಿಸುವ ಹಾಳೆಗೆ ನಾನು ಮೊದಲು ಬರೆಯುವುದು ಲಯವನ್ನು, ಸ್ವರವನ್ನಲ್ಲ. ಎಂಟು ಬಾರ್‌ಗಳ (ನಿಂತ ಗೆರೆಗಳ ನಡುವಿನ, ತಾಳದ ಒಂದೊಂದು ಸುತ್ತಿನ ಖಾನೆಗಳ) ಲಯ ಐದು ಗೆರೆಗಳ ಬದಲು ಒಂದೇ ಗೆರೆಯ ಮೇಲೆ ಇರುತ್ತದೆ. ಚಪ್ಪಾಳೆಯಲ್ಲಿ ಅದು ಸಲೀಸಾದ ಮೇಲೆ ಅದೇ ಲಯಕ್ಕೆ ಸ್ವರ. ಎರಡೂ ಒಟ್ಟಿಗೆ ಹೊಸದಾದರೆ ಮಗು ಎಡವಿದ್ದು ತಾಳದಲ್ಲೋ ಶ್ರುತಿಯಲ್ಲೋ ಎಂದು ಕಲಿಸುವವರಿಗೇ ಗೊತ್ತಾಗುವುದಿಲ್ಲ.

ಡೋ-ರೇ-ಮಿ ಎನ್ನಿ, ಸ-ರಿ-ಗ ಎನ್ನಿ, ಕ್ರಮ ಒಂದೇ: ಮೊದಲು ಪ-ಗ, ಆಮೇಲೆ ದ, ಸ, ರಿ. ಮ ಮತ್ತು ನಿ ಕೊನೆಗೆ. ಗ-ಮ, ನಿ-ಸ ನಡುವೆ ಅರ್ಧ ಸ್ವರದಷ್ಟೇ ಜಾಗ. ಅವಸರಪಟ್ಟರೆ ಮ ಏರುತ್ತದೆ, ನಿ ಇಳಿಯುತ್ತದೆ.

ಪ-ಮೇಲಿನ ಸ, ಸ-ಮ ಎರಡರ ಅಂತರವೂ 5 ಅರ್ಧ ಸ್ವರ. ಆದರೂ ಮೊದಲನೆಯದನ್ನು ಚೆನ್ನಾಗಿ ಹಾಡಿದವರೇ ಎರಡನೆಯದರಲ್ಲಿ ಪ ಹಿಡಿದುಬಿಡುತ್ತಾರೆ. ಕಿವಿ ಅಂತರವನ್ನು ಅಳೆಯುತ್ತ ಕೂರುವುದಿಲ್ಲ, ಷಡ್ಜದ (ಸ) ಎದುರು ಆ ಸ್ವರ ಹೇಗೆ ನಿಂತಿದೆ ಎಂದು ಕೇಳುತ್ತದೆ. ಅದಕ್ಕೇ ಬರೀ ಅಂತರಗಳ ಅಭ್ಯಾಸವನ್ನು ನಾನು ಹಾಳೆಯಲ್ಲಿ ಇಡುವುದಿಲ್ಲ. ಮ ಕಲಿಸಲು ಮೊದಲ ಸಾಲು ಸ-ರಿ-ಗ-ಮ. ಎರಡನೆಯದರಲ್ಲಿ ರಿ, ಗ ಎರಡನ್ನೂ ಕಡ್ಡಿಯಿಲ್ಲದ ಸಣ್ಣ ಚುಕ್ಕಿಗಳಾಗಿ ಬರೆಯುತ್ತೇನೆ. ಅವನ್ನು ಮನಸ್ಸಿನಲ್ಲೇ ಹಾಡಿಕೊಂಡು ಮ ಮಾತ್ರ ಗಟ್ಟಿಯಾಗಿ ಹಾಡಬೇಕು. ಮೂರನೆಯದರಲ್ಲಿ ಚುಕ್ಕಿಗಳೂ ಇಲ್ಲ.

ಗೊತ್ತಿರುವ ಹಾಡಿನ ಧಾಟಿ ಬೇಡವೇ ಬೇಡ. ಎರಡು ಬಾರ್ ಆಗುತ್ತಲೇ ಕಣ್ಣು ಹಾಳೆ ಬಿಡುತ್ತದೆ, ನೆನಪು ಹಾಡುತ್ತದೆ. ಎಲ್ಲ ಸಾಲೂ ಸ ದಲ್ಲೇ ಮುಗಿದರೂ ಇದೇ ಗತಿ, ಕೊನೆಯ ಸ್ವರವನ್ನು ಓದದೆ ಊಹಿಸುತ್ತಾರೆ. ನಾಲ್ಕರಲ್ಲಿ ಒಂದನ್ನು ಗ ಅಥವಾ ಪ ದಲ್ಲಿ ನಿಲ್ಲಿಸಿ. ಅದೇ ಸಾಲನ್ನು ಸಿ, ಎಫ್, ಜಿ ಮೂರು ಶ್ರುತಿಗಳಲ್ಲಿ ಬರೆದರೆ ಸ ಒಂದೇ ಗೆರೆಗೆ ಅಂಟಿಕೊಳ್ಳುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ಶ್ರುತಿ ಬದಲಿಸಿದಾಗ ಮೇಲಿನ ಸ್ವರ ಮಕ್ಕಳ ಗಂಟಲಿಗೆ ಎಟುಕುತ್ತದೆಯೇ ಎಂದು ಹಾಡಿ ನೋಡಿ.

ಕೇಳಿ ಬರೆಯುವ ಪಾಠದ ರೆಕಾರ್ಡಿಂಗ್‌ಗೆ ನಿಮಿಷಕ್ಕೆ 60 ಎಣಿಕೆ ಸಾಕು. ಮೊದಲು ಸ-ಗ-ಪ-ಸ, ಒಂದು ಬಾರ್ ಖಾಲಿ ಎಣಿಕೆ, ಆಮೇಲೆ ಎರಡೆರಡೇ ಬಾರ್, ನಡುವೆ 15 ಸೆಕೆಂಡ್ ಮೌನ. ಪಿಯಾನೊ ಜೊತೆಗೆ ಮನುಷ್ಯರ ದನಿಯೂ ಇರಲಿ. ಆದರೆ ದಪ್ಪ ಗಂಡುದನಿಯಲ್ಲಿ ಹಾಡಿದರೆ ಕೆಲವು ಮಕ್ಕಳು ಒಂದು ಸ್ಥಾಯಿ ಕೆಳಗೆ ತಡಕಾಡುತ್ತಾರೆ. ಮಕ್ಕಳ ಸ್ಥಾಯಿಯಲ್ಲೇ ಹಾಡಿಸಿ.

ಒಂದು ಸಾಲಿಗೆ ನಾಲ್ಕೇ ಬಾರ್. ಉತ್ತರ ಬೇರೆ ಹಾಳೆಯಲ್ಲಿರಲಿ. ಹಿಂಬದಿಗೆ ಅಚ್ಚು ಹಾಕಿದರೆ ತೆಳು ಕಾಗದದಲ್ಲಿ ಸ್ವರಗಳು ಈಚೆಗೆ ಕಾಣುತ್ತವೆ.