ಮೊದಲು ಇಂಧನ, ಆಮೇಲೆ ಎಂಜಿನ್

ಎರಡು ಸೀಟಿನ ಪುಟ್ಟ ವಿಮಾನವನ್ನು ನಾನೇ ಕಟ್ಟಲು ಶುರು ಮಾಡಿದಾಗ ಎಲ್ಲರೂ ಕೇಳುತ್ತಿದ್ದುದು ಒಂದೇ: "ಯಾವ ಎಂಜಿನ್ ಹಾಕ್ತೀರಿ?" ನಾನೂ ಅದನ್ನೇ ತಲೆಗೆ ಹಚ್ಚಿಕೊಂಡಿದ್ದೆ. ಕೊನೆಗೆ ದಾರಿ ತೋರಿಸಿದ್ದು ಒಂದು ಸ್ಪಾರ್ಕ್ ಪ್ಲಗ್.

ಆಗ ನಾನು ಹಾರಿಸುತ್ತಿದ್ದುದು ಕಾಂಟಿನೆಂಟಲ್ ಓ-200 ಎಂಜಿನ್ ಇದ್ದ ಹಳೆಯ ವಿಮಾನ. ಹಾರುವ ಮುಂಚೆ 1700 ಆರ್‌ಪಿಎಂನಲ್ಲಿ (ನಿಮಿಷಕ್ಕೆ 1700 ಸುತ್ತು) ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ಎರಡು ಮ್ಯಾಗ್ನೆಟೊಗಳನ್ನೂ ಒಂದೊಂದಾಗಿ ಪರೀಕ್ಷಿಸುತ್ತಿದ್ದೆ. ಒಂದನ್ನು ಆಫ್ ಮಾಡಿದಾಗ ಆಗುವ ಆರ್‌ಪಿಎಂ ಇಳಿತ 150 ದಾಟಬಾರದು. ಒಂದು ಬೆಳಿಗ್ಗೆ ಎಂಜಿನ್ ಗಡಗಡ ನಡುಗಿತು, ಇಳಿತ 250 ಮುಟ್ಟಿತು. ಹಾರಾಟ ಕೈಬಿಟ್ಟು ಕೆಳಗಿನ ಪ್ಲಗ್‌ಗಳನ್ನು ಬಿಚ್ಚಿದೆ. ಒಂದರ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಬೂದು ಗುಂಡು ಸಿಕ್ಕಿಕೊಂಡಿತ್ತು. ಸೀಸ.

ಓ-200 ಎಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರ್‌ನಲ್ಲಿ ಮಿಶ್ರಣವನ್ನು ಒತ್ತುವ ಪ್ರಮಾಣ, ಬರೀ 7:1. ಅದನ್ನು ಮಾಡಿದ್ದು 80 ಆಕ್ಟೇನ್ ಏವ್‌ಗ್ಯಾಸ್‌ಗೆ, ಅಂದರೆ ವಿಮಾನದ ಪೆಟ್ರೋಲ್‌ಗೆ. ಅದು ಈಗ ಸಿಗುವುದಿಲ್ಲ. ಸಿಗುವುದು ನೀಲಿ ಬಣ್ಣದ 100 ಎಲ್‌ಎಲ್. ಎಲ್‌ಎಲ್ ಅಂದರೆ ಕಡಿಮೆ ಸೀಸ ಅಂತ. ಆದರೂ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು, ಹಳೆಯ 80ರಲ್ಲಿ ಇರಬಹುದಾಗಿದ್ದ ಮಿತಿಯ ನಾಲ್ಕು ಪಟ್ಟು! ಸೀಸವನ್ನು ಹೊಗೆಯ ಜೊತೆ ಹೊರಗೆ ಹಾಕಲು ಇಂಧನದಲ್ಲೇ ಎಥಿಲೀನ್ ಡೈಬ್ರೋಮೈಡ್ ಬೆರೆಸಿರುತ್ತಾರೆ. ಅದು ಕೆಲಸ ಮಾಡಲು ಬಿಸಿ ಬೇಕು. ನೆಲದ ಮೇಲೆ ನಿಧಾನಕ್ಕೆ ಓಡುವಾಗ, ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ ಇದ್ದಾಗ, ಆ ಬಿಸಿ ಹುಟ್ಟುವುದಿಲ್ಲ. ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನವನ್ನು ನೆಲದ ಮೇಲೆ ಓಡಿಸುವಾಗ, ಪೆಟ್ರೋಲ್ ಕಡಿಮೆ ಮಾಡಿ ಮಿಶ್ರಣವನ್ನು ಚೆನ್ನಾಗಿ ತೆಳು ಮಾಡಲು ಕಲಿತ ಮೇಲೆ ಪ್ಲಗ್ ಕಾಟ ಬಹಳ ಕಡಿಮೆಯಾಯಿತು.

ಅಲ್ಲಿಂದ ನನ್ನ ಯೋಚನೆ ತಿರುಗಿತು. ನಾನು ಹೋಗುವ ಕಡೆಯೆಲ್ಲ ಸಿಗುವ ಇಂಧನ ಯಾವುದು? 95 ಆಕ್ಟೇನಿನ, ಸೀಸವಿಲ್ಲದ ಕಾರಿನ ಪೆಟ್ರೋಲ್. ಏವ್‌ಗ್ಯಾಸ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಜೆಟ್ ವಿಮಾನಗಳ ಇಂಧನವಾದ ಜೆಟ್ ಎ-1 ಕುಡಿಯುವ ಡೀಸೆಲ್ ಎಂಜಿನ್‌ಗಳನ್ನೂ ನೋಡಿದೆ. ಒಳ್ಳೆಯ ಎಂಜಿನ್‌ಗಳೇ, ಆದರೆ ನನ್ನ ವಿಮಾನಕ್ಕೆ ಭಾರ ಜಾಸ್ತಿ.

ಹಾಗಾಗಿ ಕಾರಿನ ಪೆಟ್ರೋಲಿನಲ್ಲೇ ಓಡುವ ರೋಟ್ಯಾಕ್ಸ್ 912 ಯುಎಲ್‌ಎಸ್ ಎಂಜಿನ್. ಓ-200 ತರಹ ಇದಕ್ಕೂ 100 ಅಶ್ವಶಕ್ತಿ. ತೂಕ ಮಾತ್ರ ಸುಮಾರು 20 ಕಿಲೋ ಕಡಿಮೆ. ಸಿಲಿಂಡರ್‌ಗಳ ಒಟ್ಟು ಗಾತ್ರ 1.35 ಲೀಟರ್ ಅಷ್ಟೇ, ಓ-200ರದ್ದು 3.3 ಲೀಟರ್. ಅಷ್ಟು ಚಿಕ್ಕ ಎಂಜಿನ್ ಇಷ್ಟು ಶಕ್ತಿ ಕೊಡಬೇಕಾದರೆ 5800 ಆರ್‌ಪಿಎಂವರೆಗೆ ತಿರುಗಬೇಕು. 2.43:1 ಗೇರ್‌ಬಾಕ್ಸ್ ಅದನ್ನು ಪ್ರೊಪೆಲರ್‌ಗೆ ಸುಮಾರು 2400ಕ್ಕೆ ಇಳಿಸುತ್ತದೆ. ಕೆಲವರಿಗೆ ಆ ವೇಗ ಕೇಳಿಯೇ ಭಯ. ಈ ಎಂಜಿನ್ ಹುಟ್ಟಿರುವುದೇ ಆ ವೇಗದಲ್ಲಿ ಓಡಲು, ಅಲ್ವಾ? ನನಗೆ ಅದರ ಮೇಲೆ ಪೂರ್ತಿ ನಂಬಿಕೆ ಇದೆ.

ಇದು ಏವ್‌ಗ್ಯಾಸ್ ಕುಡಿಯುವುದಿಲ್ಲ ಅಂತೇನಿಲ್ಲ. ಆದರೆ ಗೇರ್‌ಬಾಕ್ಸ್‌ಗೂ ಎಂಜಿನ್ನಿಗೂ ಒಂದೇ ಎಣ್ಣೆ. ಸೀಸದ ಕೆಸರು ಅಲ್ಲಿ ಕೂರುತ್ತದೆ. ಓಡಿದ ಸಮಯದಲ್ಲಿ 30 ಶೇಕಡಾಕ್ಕಿಂತ ಜಾಸ್ತಿ ಏವ್‌ಗ್ಯಾಸ್ ಹಾಕಿದ್ದರೆ ಪ್ರತಿ 25 ಗಂಟೆಗೆ ಎಣ್ಣೆ ಬದಲಿಸಬೇಕು. ದೂರದ ಪ್ರಯಾಣದಲ್ಲಿ ಬೇರೆ ದಾರಿಯಿಲ್ಲದೆ ಹಾಕಿದಾಗ ಲೀಟರ್ ಲೆಕ್ಕವನ್ನು ಲಾಗ್‌ಬುಕ್‌ನಲ್ಲಿ ಬರೆದಿಡುತ್ತೇನೆ.

ಇನ್ನು ಕಾರಿನ ಪೆಟ್ರೋಲಿಗೆ ಬೆರೆಸುವ ಎಥೆನಾಲ್. ಶೇಕಡಾ 10ರವರೆಗೆ ಎಂಜಿನ್ ಒಪ್ಪುತ್ತದೆ. ಆದರೆ ಟ್ಯಾಂಕೂ ಒಪ್ಪಬೇಕಲ್ಲ! ನನ್ನದು ಫೈಬರ್‌ಗ್ಲಾಸ್ ಟ್ಯಾಂಕ್, ಅದರ ರೆಸಿನ್ (ನಾರನ್ನು ಹಿಡಿದಿಡುವ ಅಂಟು) ಎಥೆನಾಲ್‌ಗೆ ಮೆತ್ತಗಾಗುವ ಜಾತಿ. ಹಾಗಾಗಿ ಗೆರೆ ಹಾಕಿದ ಗಾಜಿನ ಕೊಳವೆ ಯಾವಾಗಲೂ ಜೊತೆಗಿರುತ್ತದೆ. 10 ಮಿಲಿ ನೀರು, ಮೇಲೆ 90 ಮಿಲಿ ಪೆಟ್ರೋಲ್. ಚೆನ್ನಾಗಿ ಕುಲುಕಿ ಸುಮ್ನೆ ಇಡುತ್ತೇನೆ. ನೀರಿನ ಮಟ್ಟ 10ರ ಗೆರೆಯಲ್ಲೇ ನಿಂತರೆ ಸರಿ. ಮೇಲೇರಿದ್ದರೆ ಎಥೆನಾಲ್ ನೀರಿನೊಳಗೆ ಇಳಿದಿದೆ ಎಂದೇ ಅರ್ಥ. ಆ ಪೆಟ್ರೋಲ್ ವಿಮಾನಕ್ಕೆ ಹೋಗುವುದಿಲ್ಲ.

ಕಾರಿನ ಪೆಟ್ರೋಲಿನ ನಿಜವಾದ ಅಪಾಯ ಗೊತ್ತಾದದ್ದು ಒಂದು ಸುಡು ಮಧ್ಯಾಹ್ನ. ಇಳಿದು ಇಪ್ಪತ್ತು ನಿಮಿಷ ನಿಂತು ಮತ್ತೆ ಹೊರಟಿದ್ದೆ. ಟೇಕಾಫ್ ಓಟದಲ್ಲಿ ಇಂಧನದ ಒತ್ತಡದ ಮುಳ್ಳು ಕುಣಿಯತೊಡಗಿತು. ಕನಿಷ್ಠ 0.15 ಬಾರ್ ಬೇಕು, ಅದಕ್ಕಿಂತ ಕೆಳಗೆ ಹೋಯಿತು. ಥ್ರಾಟಲ್ ಎಳೆದು ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಕಾರಿನ ಪೆಟ್ರೋಲ್ ಏವ್‌ಗ್ಯಾಸ್‌ಗಿಂತ ಬೇಗ ಆವಿಯಾಗುತ್ತದೆ. ನಿಂತ ಎಂಜಿನ್ನಿನ ಬಿಸಿಗೆ ಪೈಪಿನಲ್ಲೇ ಗುಳ್ಳೆ ಎದ್ದಿತ್ತು.

ಎಂಜಿನ್ನಿನ ಕವಚ ಬಿಚ್ಚಿ ನೋಡಿದರೆ ತಪ್ಪು ನನ್ನದೇ. ಇಂಧನದ ಪೈಪನ್ನು ಎಕ್ಸಾಸ್ಟ್‌ಗೆ ಹತ್ತಿರ ಎಳೆದಿದ್ದೆ, ಆವಿಯನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ಪೈಪನ್ನೂ ಹಾಕಿರಲಿಲ್ಲ. ಪೈಪಿನ ದಾರಿ ಬದಲಿಸಿದೆ, ಅದಕ್ಕೆ ಬೆಂಕಿ ತಡೆಯುವ ಹೊದಿಕೆ ಸುತ್ತಿದೆ, ವಾಪಸ್ ಪೈಪ್ ಹಾಕಿದೆ. ಈಗ ಬಿಸಿಲಲ್ಲಿ ನಿಂತ ಮೇಲೆ ಕವಚದ ಬಾಗಿಲು ತೆರೆದಿಡುತ್ತೇನೆ. ಹೊರಡುವ ಮುಂಚೆ ಎಲೆಕ್ಟ್ರಿಕ್ ಪಂಪ್ ಹಾಕಿ, ಮುಳ್ಳು 0.3ರ ಹತ್ತಿರ ಅಲುಗದೆ ನಿಲ್ಲುವವರೆಗೂ ರನ್‌ವೇಗೆ ಹೋಗುವುದಿಲ್ಲ.