ಕ್ಯೂರಿಂಗ್ ಧೂಳಿಂದ ಬಂದ ದಮ್ಮಾ? ಪತ್ತೆ ಮಾಡೋದು ಹೀಗೆ

ಕುಶಾಲನಗರ ಕಡೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸೋ ಕಾಫಿ ಕ್ಯೂರಿಂಗ್‌ನಲ್ಲಿ ಕೆಲ್ಸ ಮಾಡೋರಿಗೆ ಸಾಲುಸಾಲು ಸೀನು, ಮೂಗು ಸೋರೋದು, ಕಣ್ಣು ತುರಿಕೆ ಶುರುವಾದ್ರೆ ಮನೇಲಿ ಎಲ್ರೂ ಮಂಜು, ಥಂಡಿ ಅಂತ ಸುಮ್ನಾಗ್ಬಿಡ್ತಾರೆ. ಆದ್ರೆ ಹುರಿಯದ ಕಾಫಿ ಬೀಜದ ಧೂಳಲ್ಲಿ ಕೈಟಿನೇಸ್ ಅನ್ನೋ ಎಂಜೈಮ್ ಇರುತ್ತೆ, ಕೆಲವ್ರಿಗೆ ಅಲರ್ಜಿ ಆಗೋದು ಅದಕ್ಕೇ. ಬೇಕರಿಯೋರಿಗೆ ಹಿಟ್ಟಿಗೆ ಬೆರೆಸೋ ಬ್ರೆಡ್ ಇಂಪ್ರೂವರ್ ಪುಡೀಲಿರೋ ಅಮೈಲೇಸ್ ಅನ್ನೋ ಎಂಜೈಮ್ ಇದೇ ಥರ ಕಾಟ ಕೊಡುತ್ತೆ. ಇಷ್ಟು ವರ್ಷ ಇಲ್ದಿದ್ದು ಈಗ್ಯಾಕೆ ಅಂತ ತಳ್ಳಿಹಾಕ್ಬೇಡಿ, ಅಲರ್ಜಿ ಹತ್ತೋಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತೆ, ಎಷ್ಟೋ ಜನಕ್ಕೆ ಮೊದ್ಲು ಮೂಗು, ಆಮೇಲೆ ಎದೆ.

ಮೊದ್ಲು ನೋಡ್ಬೇಕಾದ್ದು, ರಜೇಲಿ ಹೇಗಿರುತ್ತೆ? ಹುತ್ತರಿ ಹಬ್ಬಕ್ಕೆ ನಾಲ್ಕು ದಿನ ಮನೇಲಿದ್ದಾಗ ಹಗುರಾಗಿ, ವಾಪಸ್ ಹೋದ್ಮೇಲೆ ಮತ್ತೆ ಕೆಮ್ಮು, ಸುಯ್ ಸುಯ್ ಶಬ್ದ ಬಂದ್ರೆ ಅನುಮಾನ ಪಡ್ಲೇಬೇಕು. ಕೆಲ್ಸದಲ್ಲಿ ಏನೂ ಇಲ್ದೆ ರಾತ್ರಿ ಉಸಿರು ಕಟ್ಟಿದ್ರೂ ಲೆಕ್ಕಕ್ಕೆ ತಗೊಳ್ಳಿ, ಧೂಳು ಕುಡಿದು ಎಷ್ಟೋ ಗಂಟೆ ಆದ್ಮೇಲೂ ಬರುತ್ತೆ.

ಈಗ ಒಂದು ಪೀಕ್ ಫ್ಲೋ ಮೀಟರ್ ತಗೊಳ್ಳಿ, ಉಸಿರು ಎಷ್ಟು ಜೋರಾಗಿ ಊದ್ತೀರಿ ಅಂತ ಅಳೆಯೋ ಚಿಕ್ಕ ಸಾಧನ ಅದು. ಮುಳ್ಳು ಸೊನ್ನೆಗೆ ತಂದು, ನಿಂತ್ಕೊಂಡು, ಎದೆ ತುಂಬ ಉಸಿರೆಳೆದು, ತುಟಿ ಬಿಗಿಹಿಡಿದು ಒಂದೇ ಏಟಿಗೆ ಜೋರಾಗಿ ಊದಿ. 3 ಸಲ ಊದಿ ಅದ್ರಲ್ಲಿ ಜಾಸ್ತಿ ಬಂದಿದ್ದನ್ನ ಒಂದು ಪುಸ್ತಕದಲ್ಲಿ ಬರ್ಕೊಳ್ಳಿ. ದಿನಕ್ಕೆ ಕನಿಷ್ಠ 4 ಸಲ, ಒಟ್ಟು 4 ವಾರ, ಕೆಲ್ಸದ ದಿನಾನೂ ರಜೆ ದಿನಾನೂ, ಅದೇ ಮೀಟರಲ್ಲೇ. ಪಕ್ಕದಲ್ಲೇ ಅವತ್ತು ಸಿಪ್ಪೆ ತೆಗೆಯೋ ಹಲ್ಲರ್ ಮಷಿನ್ ಹತ್ರ ಇದ್ರಾ, ಗೋಣಿಚೀಲ ಕೊಡವಿದ್ರಾ, ನೆಲ ಗುಡಿಸಿದ್ರಾ, ಇನ್‌ಹೇಲರ್ ಎಷ್ಟು ಸಲ ಎಳೆದ್ರಿ, ಎಲ್ಲ ಬರೀರಿ. ಈ ಪುಸ್ತಕ ಇಲ್ದೆ ಹೋದ್ರೆ ಡಾಕ್ಟರಿಗೆ ಕಾಣೋದು ಬರೀ ಆಸ್ತಮಾ, ಕಾರಣ ಕಾಣಲ್ಲ.

ಮಡಿಕೇರಿಲೋ ಮೈಸೂರಲ್ಲೋ ಶ್ವಾಸಕೋಶದ ಡಾಕ್ಟರ್ ಹತ್ರ ಪುಸ್ತಕ ಹಿಡ್ಕೊಂಡು ಹೋಗಿ, ಏನು ಕೆಲ್ಸ ಅಂತ ನೀವೇ ಬಾಯ್ಬಿಟ್ಟು ಹೇಳಿ. ಸ್ಪೈರೋಮೆಟ್ರಿ, ಅಂದ್ರೆ ಮಷಿನಿಗೆ ಊದಿಸಿ ಶ್ವಾಸಕೋಶ ಹೇಗೆ ಕೆಲ್ಸ ಮಾಡ್ತಿದೆ ಅಂತ ಅಳೆಯೋ ಟೆಸ್ಟ್ ಮಾಡ್ತಾರೆ, ಆದ್ರೆ ರಜೇಲಿ ಮಾಡ್ಸಿದ್ದು ನಾರ್ಮಲ್ ಬಂತು ಅಂತ ಕಾಯಿಲೆ ಇಲ್ಲ ಅನ್ನೋಕಾಗಲ್ಲ. ಚರ್ಮದ ಅಲರ್ಜಿ ಟೆಸ್ಟ್ ಇದ್ರೆ ಸೀನಿನ ಮಾತ್ರೆ ಯಾವಾಗ ನಿಲ್ಲಿಸ್ಬೇಕು ಅಂತ ಮೊದ್ಲೇ ಕೇಳಿ, ತಿಂದಿದ್ರೆ ರಿಸಲ್ಟ್ ಸುಳ್ಳಾಗುತ್ತೆ.

ಟೆಸ್ಟ್ ಮುಗಿಯೋಕ್ ಮುಂಚೆ ಕೆಲ್ಸ ಬಿಟ್ರೆ ಪತ್ತೆ ಹಚ್ಚೋದು ಕಷ್ಟ, ಹಾಗಂತ ಮಾತಾಡೋಕೂ ಆಗದಷ್ಟು ಉಸಿರು ಕಟ್ಟಿದ್ರೆ ಟೆಸ್ಟೂ ಬೇಡ ಪುಸ್ತಕಾನೂ ಬೇಡ, ತಕ್ಷಣ ಆಸ್ಪತ್ರೆಗೆ ಓಡಿ. ಖಚಿತ ಆದ್ರೆ ಮಾಸ್ಕ್ ಒಂದೇ ನಂಬ್ಕೊಂಡು ಅಲ್ಲೇ ಕೂರಬೇಡಿ, ಡಾಕ್ಟರ್ ಚೀಟಿ ತೋರ್ಸಿ ಧೂಳಿಲ್ಲದ ವಿಭಾಗಕ್ಕೆ ಬೇಗ ಹಾಕಿಸ್ಕೊಳ್ಳಿ, ಎಷ್ಟು ಬೇಗ ಧೂಳಿಂದ ದೂರ ಆಗ್ತೀರೋ ಎದೆ ಸರಿಹೋಗೋ ಸಾಧ್ಯತೆ ಅಷ್ಟು ಜಾಸ್ತಿ.